ಕೊನೆಯ ಎರಡು ಖಾಲಿ ಗೆರೆ

ಯಾವುದೇ ತರಬೇತಿಗೆ ಹೋಗಿ ನೋಡಿ, ಕೊನೇ ದಿನ ಊಟ ಆದಮೇಲೆ ಒಂದು ಹಾಳೆ ಕೈಗೆ ಬರುತ್ತೆ. ಮೇಲೆ ಹೆಸರು, ಹುದ್ದೆ, ಮೊಬೈಲ್ ನಂಬರ್. ಕೆಳಗೆ ಪ್ರಶ್ನೆಗಳು: ವಿಷಯ ಉಪಯುಕ್ತವಾಗಿತ್ತೇ? ಸಂಪನ್ಮೂಲ ವ್ಯಕ್ತಿಗಳು ಚೆನ್ನಾಗಿ ವಿವರಿಸಿದರೇ? ಊಟ, ವಸತಿ ಹೇಗಿತ್ತು? ಒಂದರಿಂದ ಐದರವರೆಗೆ ಅಂಕ ಕೊಡಬೇಕು. ಕಟ್ಟಕಡೆಗೆ ‘ನಿಮ್ಮ ಸಲಹೆಗಳು’ ಅಂತ ಎರಡು ಖಾಲಿ ಗೆರೆ. ನಮ್ಮ ಸಾಫ್ಟ್‌ವೇರ್ ಕಂಪನಿಗಳಲ್ಲಿ ಹಾಳೆ ಬದಲು ಲಿಂಕ್ ಬರುತ್ತೆ, ಅಷ್ಟೇ ವ್ಯತ್ಯಾಸ. ಎಲ್ಲದಕ್ಕೂ ಐದು ಒತ್ತಿ, ಸರ್ಟಿಫಿಕೇಟ್ ಇಳಿಸಿಕೊಂಡು ಎದ್ದು ಹೋಗ್ತೀವಿ.

ನನ್ನ ಚಿಕ್ಕಮ್ಮನೂ ಎಲ್ಲದಕ್ಕೂ ಐದು ಕೊಟ್ಟು ಬಂದಿದ್ದಾರೆ. ಅವರು ತುರುವೇಕೆರೆ ತಾಲ್ಲೂಕಿನಲ್ಲಿ, ನಮ್ಮ ಸಂಪಿಗೆ ಕಡೆಯ ಒಂದು ಗ್ರಾಮ ಪಂಚಾಯಿತಿಯಲ್ಲಿ ಗ್ರಂಥಾಲಯ ಮೇಲ್ವಿಚಾರಕಿ. ಮೊದಲು ಈ ಕೆಲಸ ಅಂದರೆ ಬೆಳಿಗ್ಗೆ ಬಾಗಿಲು ತೆಗೆದು ಪೇಪರ್ ಜೋಡಿಸಿಡೋದು ಅನ್ನುವಂತಿತ್ತು. 2019ರಲ್ಲಿ ರಾಜ್ಯದ 5,000ಕ್ಕೂ ಹೆಚ್ಚು ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಮರುವರ್ಷ ‘ಓದುವ ಬೆಳಕು’ ಶುರುವಾಗಿ, 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಈಗ ಬೋರ್ಡಿನ ಮೇಲೆ ‘ಅರಿವು ಕೇಂದ್ರ’ ಅಂತಿದೆ. ಮಕ್ಕಳಿಗೆ ಗಟ್ಟಿಯಾಗಿ ಕಥೆ ಓದಬೇಕು, ಕಂಪ್ಯೂಟರ್ ನೋಡಿಕೊಳ್ಳಬೇಕು, ಸ್ಪರ್ಧಾತ್ಮಕ ಪರೀಕ್ಷೆಗೆ ಓದೋ ಹುಡುಗರಿಗೆ ಪುಸ್ತಕ ಹುಡುಕಿಕೊಡಬೇಕು. ಹೀಗಾಗಿ ತರಬೇತಿ ಬೇಕೇ ಬೇಕಿತ್ತು. ಚಿಕ್ಕಮ್ಮ ಹೇಳೋ ಪ್ರಕಾರ ಅದು ಚೆನ್ನಾಗೇ ಇತ್ತು. ಕಥೆ ಓದುವಾಗ ಎಲ್ಲಿ ನಿಲ್ಲಿಸಿದರೆ ಮಕ್ಕಳು ‘ಆಮೇಲೆ?’ ಅಂತ ಕೇಳ್ತಾರೆ ಅನ್ನೋದನ್ನ ಅಲ್ಲೇ ಕಲಿತರಂತೆ.

ಹಾಗಾದರೆ ಸಲಹೆಯ ಜಾಗ ಯಾಕೆ ಖಾಲಿ ಬಿಟ್ಟಿರಿ ಅಂದೆ.

“ಹೆಸರು, ಪಂಚಾಯ್ತಿ ಎಲ್ಲಾ ಮೇಲೇ ಬರೆಸ್ಕೊಂಡವ್ರೆ ಕಣೋ. ಕೆಳಗೆ ತಕರಾರು ಬರೆದ್ರೆ ಯಾರದ್ದು ಅಂತ ಗೊತ್ತಾಗಲ್ವಾ? ಸಾಲದ್ದಕ್ಕೆ ಬಸ್ಸಿಗೆ ಹೊತ್ತಾಗಿತ್ತು.”

ಬರೆಯೋದಾಗಿದ್ದರೆ ಏನು ಬರೀತಿದ್ರಿ? ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. “ಕಳೆದೋದ ಪುಸ್ತಕಕ್ಕೆ ಯಾರು ಲೆಕ್ಕ ಕೊಡಬೇಕು ಅಂತ ಕೇಳ್ತಿದ್ದೆ.”

ವಿಷಯ ಇರೋದು ಇಲ್ಲೇ. ಗ್ರಂಥಾಲಯಕ್ಕೆ ಒಳ್ಳೊಳ್ಳೆ ಬಣ್ಣದ ಚಿತ್ರದ ಪುಸ್ತಕಗಳು ಬಂದಿವೆ. ಅವೆಲ್ಲ ಗಾಜಿನ ಬೀರುವಿನಲ್ಲಿವೆ, ಕೀ ಚಿಕ್ಕಮ್ಮನ ಸೆರಗಿನ ತುದಿಯಲ್ಲಿದೆ. ಮಕ್ಕಳು ಅಲ್ಲೇ ಕೂತು ಓದಬೇಕು, ಹೋಗುವಾಗ ವಾಪಸ್ ಕೊಡಬೇಕು. ಮನೆಗೆ ಕೊಟ್ಟರೆ ತೋಟದಲ್ಲಿ ಮಳೆಗೆ ನೆನೆಯಬಹುದು, ತಂಗಿಯೋ ತಮ್ಮನೋ ಹರಿಯಬಹುದು. ನಾಳೆ ದಾಸ್ತಾನು ಪರಿಶೀಲನೆಗೆ ಬಂದವರು ರಿಜಿಸ್ಟರಿನಲ್ಲಿ ನಂಬರ್ ಇದೆ, ಪುಸ್ತಕ ಎಲ್ಲಿ ಅಂದರೆ? ಗೌರವಧನದಲ್ಲಿ ಹಿಡಿದುಬಿಟ್ಟರೆ ಅನ್ನೋದು ಅವರ ಭಯ. ಇದುವರೆಗೆ ಯಾರೂ ಹಿಡಿದಿಲ್ಲ. ಹಿಡಿಯಲ್ಲ ಅಂತ ಯಾರೂ ಹೇಳಿಯೂ ಇಲ್ಲ. ಆದರೆ ‘ಪುಸ್ತಕ ವಿತರಣೆ ಕುರಿತ ತರಗತಿ ಹೇಗಿತ್ತು’ ಅನ್ನೋ ಪ್ರಶ್ನೆಗೆ ಅವರು ಕೊಟ್ಟಿದ್ದು ಐದಕ್ಕೆ ಐದು. ಅದೇನೂ ಸುಳ್ಳಲ್ಲ, ತರಗತಿ ನಿಜಕ್ಕೂ ಚೆನ್ನಾಗಿತ್ತಲ್ಲ!

ಬೆಂಗಳೂರಿನಲ್ಲೇ ಕೊನೆಯ ವರ್ಷಗಳನ್ನು ಕಳೆದ ಎಸ್.ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯಕ್ಕೆ ಐದು ಸೂತ್ರ ಕೊಟ್ಟರು. ಮೊದಲನೆಯದೇ, ಪುಸ್ತಕ ಇರುವುದು ಬಳಕೆಗೆ ಅಂತ. ಹಿಂದೆ ಯುರೋಪಿನಲ್ಲಿ ಪುಸ್ತಕಗಳನ್ನು ಸರಪಳಿಯಿಂದ ಕಟ್ಟಿಡುತ್ತಿದ್ದ ಕಥೆಯನ್ನೂ ಅಲ್ಲೇ ಹೇಳಿದ್ದಾರೆ. ಬಳಸಿದ ಮೇಲೆ ಕೆಲವು ಕಳೆಯೋದು ಸಹಜ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳೂ ಇದನ್ನು ಒಪ್ಪುತ್ತವೆ: ವರ್ಷದಲ್ಲಿ ಓದಲು ಕೊಟ್ಟ ಪ್ರತಿ 1,000 ಪುಸ್ತಕಕ್ಕೆ 5 ಕಳೆದರೆ ಅದು ಸಹಜ ನಷ್ಟ, ಅಪ್ರಾಮಾಣಿಕತೆಯೋ ನಿರ್ಲಕ್ಷ್ಯವೋ ಇರಬಾರದು ಅಷ್ಟೇ. ಅದು ಕೇಂದ್ರದ ಕಚೇರಿಗಳಿಗಾಗಿ ಮಾಡಿದ ನಿಯಮ, ನೇರವಾಗಿ ಪಂಚಾಯಿತಿಗಲ್ಲ ನಿಜ. ಆದರೂ ಚಿಕ್ಕಮ್ಮನಿಗೆ ಓದಿ ಹೇಳಿದೆ. ಜೋರಾಗಿ ನಕ್ಕರು. “ಸಾವಿರಕ್ಕೆ ಐದೇನಾ? ವರ್ಷಗಟ್ಟಲೆ ಅಟ್ಟದ ಮೇಲೆ ಹಾಕಿರ್ತೀವಲ್ಲ ಕಾಯಿ, ಸುಲಿದು ಒಡೆದಾಗ ಅದಕ್ಕಿಂತ ಜಾಸ್ತಿ ಕೊಳೆತಿರುತ್ತೆ. ಅದಕ್ಕೆ ಯಾರಾದ್ರೂ ಕೊಬ್ಬರಿ ಮಾಡೋದು ಬಿಡ್ತಾರಾ?”

ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ ಅಂತ ಅಮೆರಿಕದ ಒಬ್ಬರು 1959ರಲ್ಲೇ ತರಬೇತಿಯನ್ನು ಅಳೆಯೋಕೆ ನಾಲ್ಕು ಮೆಟ್ಟಿಲು ಹೇಳಿದ್ದರು. ಬಂದವರಿಗೆ ಇಷ್ಟವಾಯಿತೇ, ಏನಾದರೂ ಕಲಿತರೇ, ಕಲಿತದ್ದನ್ನು ಕೆಲಸದಲ್ಲಿ ಬಳಸಿದರೇ, ಅದರಿಂದ ಫಲ ಸಿಕ್ಕಿತೇ. ನಮ್ಮ ಹಾಳೆ ಮೊದಲನೇ ಮೆಟ್ಟಿಲಲ್ಲೇ ಕೂತುಬಿಡುತ್ತೆ. ಕೊನೇ ದಿನ ಮಧ್ಯಾಹ್ನ ಅದಕ್ಕಿಂತ ಮೇಲಿನದು ಯಾರಿಗೆ ತಾನೇ ಗೊತ್ತಿರುತ್ತೆ, ಬಿಡಿ. ಮೂರನೇ ಮೆಟ್ಟಿಲಿಗೆ ಅಂಕವೂ ಬೇಡ, ಸ್ಟಾರೂ ಬೇಡ. ಮೂರು ತಿಂಗಳು ಬಿಟ್ಟು ವಿತರಣಾ ರಿಜಿಸ್ಟರ್ ತೆಗೆದು, ಎಷ್ಟು ಪುಸ್ತಕ ಮನೆಗೆ ಹೋಗಿದೆ ಅಂತ ಎಣಿಸಿದರೆ ಮುಗೀತು. ಹೋಗಿಲ್ಲ ಅಂದರೆ, ಏನು ಅಡ್ಡಿ ಅಂತ ಹೆಸರು ಬರೆಸಿಕೊಳ್ಳದೆ ಕೇಳಬೇಕು.

ಚಿಕ್ಕಮ್ಮನ ಪರಿಚಯದ ನಾಲ್ಕೈದು ಮೇಲ್ವಿಚಾರಕರಿಗೆ ಫೋನ್ ಮಾಡಿ ಇದೊಂದೇ ಪ್ರಶ್ನೆ ಕೇಳಿದೆ: ಹೇಳಿಕೊಟ್ಟದ್ದರಲ್ಲಿ ಯಾವುದನ್ನು ಮಾಡೋಕೆ ಆಗಲಿಲ್ಲ? ಇಬ್ಬರದ್ದು ಇದೇ ಬೀರುವಿನ ಬೀಗ. ಒಬ್ಬರ ಕಂಪ್ಯೂಟರ್ ಪಂಚಾಯಿತಿ ಆಫೀಸಿನ ಕೋಣೆ ಸೇರಿದೆ. ಇನ್ನೊಬ್ಬರು, “ನಮ್ಮಲ್ಲಿಗೆ ದಿನಾ ತಪ್ಪದೆ ಬರೋರು ತಿಪಟೂರು ಮಾರ್ಕೆಟ್ಟಿನ ಕೊಬ್ಬರಿ ರೇಟ್ ನೋಡೋ ಅಜ್ಜಂದಿರು ಸಾರ್. ಅವರ ಕಣ್ಣಿಗೆ ಕಾಣೋ ದಪ್ಪಕ್ಷರದ ಪುಸ್ತಕ ಎಲ್ಲಿ ಸಿಗುತ್ತೆ ಅಂತ ಯಾರೂ ಹೇಳಲಿಲ್ಲ” ಅಂದರು. ಇದ್ಯಾವುದೂ ಅವರ ಹಾಳೆಗಳಲ್ಲಿ ಇಲ್ಲ. ಅಲ್ಲೂ ಎಲ್ಲ ಐದೇ.

ಕಳೆದ, ಹಾಳಾದ ಪುಸ್ತಕಗಳನ್ನು ಲೆಕ್ಕದಿಂದ ತೆಗೆಯುವ ಕ್ರಮ ಏನು ಅಂತ ಲಿಖಿತವಾಗಿ ತಿಳಿಸಿ ಎಂದು ಪಂಚಾಯಿತಿಗೆ ಒಂದು ಅರ್ಜಿ ಟೈಪ್ ಮಾಡಿಕೊಟ್ಟೆ. ಚಿಕ್ಕಮ್ಮ ಎರಡು ದಿನ ಯೋಚನೆ ಮಾಡಿ, ಕೆಳಗೆ ತಮ್ಮ ಹೆಸರು ಬರೆದು ಸಹಿ ಹಾಕಿದರು. ಉತ್ತರ ಇನ್ನೂ ಬಂದಿಲ್ಲ. ಸದ್ಯಕ್ಕೆ ಬೀರುವಿನ ಕೆಳಗಿನ ಸಾಲಿನ ಪುಸ್ತಕಗಳನ್ನು ಮನೆಗೆ ಕೊಡೋಕೆ ಶುರು ಮಾಡಿದ್ದಾರಂತೆ. ಹೊಸವಲ್ಲ, ಹಳೇವು.