ಎಮ್ಮೆಯ ಚರ್ಮ ನಮಗೇಕೆ?

ಅಣ್ಣಾ ನಗರದ ಟವರ್ ಪಾರ್ಕಿಗೆ ಬೆಳಗಿನ ಹೊತ್ತು ನಡೆಯಲು ಬರುವ ನಮ್ಮ ಸಂಘದ ಹಿರಿಯರೊಬ್ಬರು ಮೊನ್ನೆ ನನಗೆ ಉಪದೇಶ ಮಾಡಿದರು. "ಇಷ್ಟು ಸೂಕ್ಷ್ಮ ಆದ್ರೆ ಹೇಗಮ್ಮಾ? ಸ್ವಂತ ಕೆಲಸ ಅಂದ್ಮೇಲೆ ಎಮ್ಮೆ ಚರ್ಮ ಇರಬೇಕು. ಈ ಪಾರ್ಕಿಗೆ ಯಾರ ಹೆಸರಿದೆ ನೋಡು!"

ಹೆಸರು ವಿಶ್ವೇಶ್ವರಯ್ಯನವರದು. 1908ರಲ್ಲಿ ಅವರು ಮುಂಬಯಿ ಸರ್ಕಾರದ ನೌಕರಿ ಬಿಟ್ಟರು. ಆ ವರ್ಷವೇ ಮೂಸಿ ನದಿ ಉಕ್ಕಿ ಹೈದರಾಬಾದು ಮುಳುಗಿತು. ಮರುವರ್ಷ ಅವರು ಅಲ್ಲಿಗೆ ಸಲಹೆಗಾರರಾಗಿ ಹೋದರು. ಸ್ವತಂತ್ರ ವೃತ್ತಿಯೇ, ಒಪ್ಪಿದೆ. ಆದರೆ ಅವರನ್ನು ಹುಡುಕಿಕೊಂಡು ಬಂದದ್ದು ಒಂದು ಸಂಸ್ಥಾನ. ನನ್ನನ್ನು ಹುಡುಕಿಕೊಂಡು ಬರುವುದು "ನಾಳೆ ಬೆಳಗ್ಗೆಯೇ ಬೇಕು" ಎಂಬ ವಾಟ್ಸಾಪ್ ಸಂದೇಶ.

ನಾನು ಮನೆಯಲ್ಲಿ ಕುಳಿತು ತಮಿಳಿನಿಂದ ಕನ್ನಡಕ್ಕೆ ಡಬ್ಬಿಂಗ್ ಸಂಭಾಷಣೆ ಬರೆಯುವವಳು. ಲೋಕ ಇದನ್ನು ಫ್ರೀಲಾನ್ಸಿಂಗ್ ಎನ್ನುತ್ತದೆ. ನಮ್ಮ ಅತ್ತೆಯವರು "ಮನೇಲೇ ಇರ್ತಾಳೆ" ಎನ್ನುತ್ತಾರೆ. ಕಳೆದ ವರ್ಷ ಒಂದು ಕಡೆಗೆ ಬರೆದು ಕಳಿಸಿದೆ. ಎರಡು ತಿಂಗಳು ಉತ್ತರವಿಲ್ಲ, ಹಣವೂ ಇಲ್ಲ. ಬರೆದದ್ದು ಚೆನ್ನಾಗಿಲ್ಲವೆಂದೇ ತೀರ್ಮಾನಿಸಿದೆ. ನಿದ್ದೆ ಕೆಟ್ಟಿತು. ಮುಂದಿನ ಕೆಲಸಕ್ಕೆ ಯಾರೂ ಕೇಳದೆ ನಾನೇ ದರ ಇಳಿಸಿದೆ. ಆಮೇಲೆ ತಿಳಿದದ್ದೇನು? ನನ್ನ ಮಾತುಗಳು ಆಗಲೇ ಧ್ವನಿಮುದ್ರಣವಾಗಿದ್ದವು. ಬಿಲ್ಲು ನೋಡಬೇಕಾದ ಗುಮಾಸ್ತರು ರಜೆಯಲ್ಲಿದ್ದರು, ಅಷ್ಟೇ!

ಈಗ ಹೇಳಿ, ಖಾಯಿಲೆ ನನ್ನ ಚರ್ಮದ್ದೋ, ಅವರ ಮೌನದ್ದೋ?

ಅಮೆರಿಕದ ಮನಶ್ಶಾಸ್ತ್ರಜ್ಞೆ ಎಲೇನ್ ಆರನ್ 1996ರಲ್ಲಿ ಅತಿ ಸೂಕ್ಷ್ಮ ಸ್ವಭಾವದವರ ಕುರಿತು ಪುಸ್ತಕವನ್ನೇ ಬರೆದರು. ಇದು ರೋಗವಲ್ಲ, ಹುಟ್ಟುಗುಣ ಎಂಬುದು ಆಕೆಯ ವಾದ. ನನ್ನ ಕಸುಬಿನಲ್ಲಂತೂ ಇದೇ ಬಂಡವಾಳ. ತಮಿಳಿನವರು ಮಾತಿನಲ್ಲಿ 'ಸಂಸಾರಂ' ಎಂದರೆ ಹೆಂಡತಿ. ಒಬ್ಬರು ಅದನ್ನು "ನನ್ನ ಸಂಸಾರ ಊರಿಗೆ ಹೋಗಿದೆ" ಎಂದೇ ಕನ್ನಡಕ್ಕಿಳಿಸಿದ್ದರು. ದೃಶ್ಯದಲ್ಲಿ ಮಕ್ಕಳಿಬ್ಬರೂ ಅಪ್ಪನ ಪಕ್ಕದಲ್ಲೇ ಆಡುತ್ತಿದ್ದರು! ರಾತ್ರಿ ಎದ್ದು ಕುಳಿತು ಅದನ್ನು ತಿದ್ದಿದವಳು ಇದೇ ಸೂಕ್ಷ್ಮದವಳು. ಎಮ್ಮೆ ಚರ್ಮದವರು ನಿದ್ದೆ ಮಾಡುತ್ತಿದ್ದರು.

ಆದ್ದರಿಂದ ನಾನು ಚರ್ಮವನ್ನು ಮುಟ್ಟಲಿಲ್ಲ, ಕಾಗದವನ್ನು ಗಟ್ಟಿ ಮಾಡಿಕೊಂಡೆ. ಈಗ ದರ, ಗಡುವು, ಎಷ್ಟು ಬಾರಿ ತಿದ್ದಿಕೊಡುತ್ತೇನೆ, ಎಲ್ಲವೂ ಬರಹದಲ್ಲಿ. ಅರ್ಧ ಹಣ ಮುಂಗಡ. ನಮ್ಮಲ್ಲಿ ಅನೇಕರಿಗೆ ಗೊತ್ತಿರದ ಸಂಗತಿಯೊಂದಿದೆ: 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯಿದೆಯು ಉದ್ಯಮ್ ನೋಂದಣಿ ಮಾಡಿಸಿದ ಸಣ್ಣ ಸೇವಾದಾರರಿಗೂ ಅನ್ವಯಿಸುತ್ತದೆ. ಲಿಖಿತ ಒಪ್ಪಂದವಿದ್ದರೂ ಹಣ ಕೊಡಲು 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ನೋಂದಣಿಗೆ ಕಾಸು ಖರ್ಚಿಲ್ಲ. (ಕಾಯಿದೆಯ ಹೆಸರಿನಲ್ಲೂ 'ಸೂಕ್ಷ್ಮ' ಎಂದೇ ಇರುವುದು ನನಗೆ ಬಹಳ ಹಿಡಿಸಿತು.) ಇಷ್ಟಾದ ಮೇಲೂ ಅನುಮಾನ ಬರುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಈಗ ಅದು ಬರೆದ ವಾಕ್ಯದ ಮೇಲೆ ಬರುತ್ತದೆ, ನನ್ನ ಮೇಲಲ್ಲ.

ಇನ್ನು ನಮ್ಮವರ ವಿಷಯ. ಹೊರಗಿನವರು ತಡವಾಗಿಯಾದರೂ ಕೊಡುತ್ತಾರೆ. ಊರು ಬಿಟ್ಟು ಬಂದ ನಾವು ಒಬ್ಬರಿಗೊಬ್ಬರು ಆಸರೆಯೆಂದು ಸಂಘ ಕಟ್ಟಿಕೊಂಡೆವು. ಆ ಸಂಘದಲ್ಲೇ "ನಮ್ಮವಳೇ ಅಲ್ವಾ, ಮನೇಲೇ ಇರ್ತೀಯಲ್ಲ, ನಾಲ್ಕು ಪುಟ ಬರೆದುಕೊಡಮ್ಮಾ" ಎಂದು ಕೇಳುತ್ತಾರೆ. ಶಾಮಿಯಾನದವನಿಗೆ, ಅಡಿಗೆಯವರಿಗೆ ಅಂದೇ ಹಣ; ಬರೆದವಳಿಗೆ ಒಂದು ಶಾಲು. ವರ್ಷವಿಡೀ ನಿನ್ನ ಕೆಲಸ ಪುಕ್ಕಟೆಯದು ಎಂದು ತೋರಿಸಿ, ಕೊನೆಗೆ ಆತ್ಮವಿಶ್ವಾಸ ಬೆಳೆಸಿಕೋ ಎನ್ನುವುದು ಯಾವ ನ್ಯಾಯ?

ಈ ಲೇಖನವನ್ನು ನಾನಾಗಿ ಬರೆದೆ, ಇದಕ್ಕೆ ಏನೂ ಬೇಡ. ರಾಜ್ಯೋತ್ಸವದ ಸ್ಮರಣ ಸಂಚಿಕೆಗೆ ಅನುವಾದ ಮಾಡಿಕೊಡಲು ಕಾರ್ಯದರ್ಶಿಗಳು ಕೇಳಿದ್ದಾರೆ. ದರಪಟ್ಟಿಯನ್ನು ಅವರ ಕೈಗೆ ಕೊಟ್ಟಿದ್ದೇನೆ, ಉತ್ತರಕ್ಕೆ ಕಾಯುತ್ತಿದ್ದೇನೆ.