ಸರಳವಾಗಿ ಬರೆದವನು ಸಣ್ಣ ಲೇಖಕನೇ? ಥಾಮಸ್ ಪೇನ್ ಪರವಾಗಿ ನಮ್ಮ ತಕರಾರು

ಅಮೆರಿಕ ಕ್ರಾಂತಿಯ ಪಾಠದಲ್ಲಿ ಥಾಮಸ್ ಪೇನ್‌ಗೆ ಸಾಮಾನ್ಯವಾಗಿ ಸಿಗುವುದು ಒಂದೇ ಸಾಲು: 1776ರಲ್ಲಿ 'ಕಾಮನ್ ಸೆನ್ಸ್' ಎಂಬ ಕಿರುಹೊತ್ತಿಗೆ ಬರೆದ, ಜನ ಹುರುಪುಗೊಂಡರು. ಮುಂದಿನ ಪುಟದಿಂದ ವಾಷಿಂಗ್ಟನ್, ಜೆಫರ್ಸನ್. ಪೇನ್ ಕಡ್ಡಿ ಗೀರಿ ಎದ್ದು ಹೋದವನ ಹಾಗೆ ಮಾಯ. ನಮ್ಮ ತಕರಾರು ಈ ಒಂದು ಸಾಲಿನ ಮೇಲೆ.

ಪೇನ್ ಹುಟ್ಟಿದ್ದು 1737ರಲ್ಲಿ, ಇಂಗ್ಲೆಂಡಿನ ಥೆಟ್‌ಫರ್ಡ್ ಎಂಬ ಊರಿನಲ್ಲಿ. ಹೆಂಗಸರ ಬಿಗಿಯುಡುಪು ಹೊಲಿಯುವ ಅಪ್ಪನ ಕಸುಬನ್ನೇ ಕಲಿತ. ಆಮೇಲೆ ಅಬಕಾರಿ ಸುಂಕದ ನೌಕರನಾದ. ನೌಕರರ ಸಂಬಳ ಹೆಚ್ಚಿಸಿ ಎಂದು ಬರೆದದ್ದೇ ಅವನ ಮೊದಲ ದೊಡ್ಡ ಬರಹ. ಆ ಕೆಲಸವೂ ಹೋಗಿ 1774ರಲ್ಲಿ ಅಮೆರಿಕದ ಹಡಗು ಹತ್ತಿದ. ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ.

ಇಂಥವನನ್ನು ಇತಿಹಾಸ ಬರೆದವರು ಎರಡು ರೀತಿಯಲ್ಲಿ ಕುಗ್ಗಿಸಿದರು. ಮೊದಲನೆಯವರು ಬೈದವರು. 1809ರಲ್ಲಿ ಪೇನ್ ತೀರಿಕೊಂಡ ವರ್ಷವೇ ಜೇಮ್ಸ್ ಚೀತಮ್ ಎಂಬಾತ ಅವನನ್ನು ಕುಡುಕನೆಂದು ಹಳಿಯುವ ಜೀವನಚರಿತ್ರೆ ಬರೆದ. ಮುಂದೆ ಅಮೆರಿಕದ ಅಧ್ಯಕ್ಷನಾದ ಥಿಯೊಡೋರ್ ರೂಸ್‌ವೆಲ್ಟ್ 1888ರ ತನ್ನ ಪುಸ್ತಕದಲ್ಲಿ ಅವನನ್ನು ಕೊಳಕು ನಾಸ್ತಿಕನೆಂದು ಜರೆದ. ಪೇನ್ ಚರ್ಚಿನ ಅಧಿಕಾರವನ್ನು ಪ್ರಶ್ನಿಸಿದ್ದು ನಿಜ. ಆದರೆ ಹಾಗೆ ಪ್ರಶ್ನಿಸಿದ 'ಏಜ್ ಆಫ್ ರೀಸನ್' ಪುಸ್ತಕದ ಆರಂಭದಲ್ಲೇ ತಾನು ಒಬ್ಬ ದೇವರನ್ನು ನಂಬುತ್ತೇನೆ ಎಂದೂ ಬರೆದಿದ್ದ.

ಎರಡನೆಯವರು ನಯವಾಗಿ ಮಾತಾಡುವವರು. 'ಭಾಷೆ ಚೆನ್ನಾಗಿದೆ, ಆದರೆ ವಿಚಾರ ಅವನದಲ್ಲ, ದೊಡ್ಡವರು ಹೇಳಿದ್ದನ್ನೇ ಸರಳ ಮಾಡಿ ಹೇಳಿದ' ಎನ್ನುವವರು. ಬೈಗುಳಕ್ಕಿಂತ ಈ ಮಾತೇ ಹೆಚ್ಚು ಅನ್ಯಾಯದ್ದು ಎನ್ನುತ್ತೇವೆ ನಾವು. ಯಾಕೆಂದು ಹೇಳುತ್ತೇವೆ.

1791ರಲ್ಲಿ 'ರೈಟ್ಸ್ ಆಫ್ ಮ್ಯಾನ್' ಮೊದಲ ಭಾಗ ಬಂದಾಗ ಬೆಲೆ ಮೂರು ಶಿಲ್ಲಿಂಗ್. ಕೂಲಿಯವರ ಕೈಗೆ ಎಟುಕದ ಬೆಲೆ. ಸರ್ಕಾರ ಮೊಕದ್ದಮೆ ಹೂಡಲಿಲ್ಲ. ಮರುವರ್ಷ ಎರಡನೇ ಭಾಗ ಬಂತು, ಆರು ಪೆನ್ನಿಯ ಅಗ್ಗದ ಪ್ರತಿಗಳು ಊರೂರಿಗೆ ಹರಡಿದವು. ಆಗ ರಾಜದ್ರೋಹದ ಕೇಸು ಬಿತ್ತು. 1792ರ ಡಿಸೆಂಬರಿನಲ್ಲಿ ವಿಚಾರಣೆ ನಡೆದಾಗ ಪೇನ್ ಫ್ರಾನ್ಸಿನಲ್ಲಿದ್ದ. ಸರ್ಕಾರಿ ವಕೀಲರು ಕೋರ್ಟಿನಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದರು: ಮೊದಲ ಭಾಗವನ್ನು ತಿಳಿದವರು ಓದುತ್ತಾರೆಂದು ಬಿಟ್ಟಿದ್ದೆವು, ಈಗ ಇದು ಎಲ್ಲರ ಕೈಗೂ ಸೇರುತ್ತಿದೆ, ಮಕ್ಕಳ ಮಿಠಾಯಿಯನ್ನೂ ಇದೇ ಹಾಳೆಯಲ್ಲಿ ಸುತ್ತಿ ಕೊಡುತ್ತಿದ್ದಾರೆ.

ಎರಡೂ ಭಾಗಗಳ ವಾದ ಒಂದೇ ದಿಕ್ಕಿನದು. ಕೇಸು ಬಿದ್ದದ್ದು ಯಾರು ಓದುತ್ತಿದ್ದಾರೆ ಎಂಬುದನ್ನು ನೋಡಿ. ಸರಳ ಭಾಷೆ ಎಷ್ಟು ದೊಡ್ಡ ರಾಜಕೀಯ ಎಂಬುದು ಅಂದಿನ ಆಳುವವರಿಗೆ ಅರ್ಥವಾಗಿತ್ತು. ಅದು ಬರೀ ಶೈಲಿಯ ಮಾತು ಎಂದುಕೊಂಡವರು ಆಮೇಲೆ ಬಂದ ವಿದ್ವಾಂಸರು.

ಎಲ್ಲರೂ ಹಾಗೆ ಎಂದರೆ ತಪ್ಪಾದೀತು. ಇಂಗ್ಲೆಂಡಿನ ಕಾರ್ಮಿಕರ ಚಳವಳಿಗೆ 'ರೈಟ್ಸ್ ಆಫ್ ಮ್ಯಾನ್' ಬುನಾದಿ ಎಂದು 1963ರಲ್ಲಿ ಇ.ಪಿ. ಥಾಂಪ್ಸನ್ ತೋರಿಸಿದರು. 1976ರಲ್ಲಿ ಎರಿಕ್ ಫೋನರ್, ಪೇನ್‌ನನ್ನು ಫಿಲಡೆಲ್ಫಿಯಾದ ಕುಶಲಕರ್ಮಿಗಳ ನಡುವೆ ನಿಲ್ಲಿಸಿ ಓದಿದರು. ಆದರೆ ಪಾಠದ ಆ ಒಂದು ಸಾಲು ಇನ್ನೂ ಬೆಳೆದಿಲ್ಲ.

ಆ ಸಾಲಿನಲ್ಲಿ ಏನು ಬಿಟ್ಟುಹೋಗಿದೆ ನೋಡಿ. 1797ರಲ್ಲಿ ಪೇನ್ 'ಅಗ್ರೇರಿಯನ್ ಜಸ್ಟಿಸ್' ಎಂಬ ಕಿರುಹೊತ್ತಿಗೆ ಪ್ರಕಟಿಸಿದ. ಉತ್ತು ಬಿತ್ತಿ ಮಾಡಿದ ಸುಧಾರಣೆ ಮಾಲೀಕನದು, ಆದರೆ ಮೂಲದಲ್ಲಿ ಭೂಮಿ ಎಲ್ಲರದು; ಆದ್ದರಿಂದ ಜಮೀನುಳ್ಳವನು ಸಮಾಜಕ್ಕೆ ಬಾಕಿ ಇದ್ದಾನೆ ಎಂಬುದು ಅವನ ವಾದ. ಆಸ್ತಿ ವಾರಸುದಾರರಿಗೆ ಹೋಗುವಾಗ ತೆರಿಗೆ ಹಾಕಿ ನಿಧಿ ಮಾಡಿ. 21 ತುಂಬಿದ ಪ್ರತಿಯೊಬ್ಬರಿಗೂ, ಗಂಡಿರಲಿ ಹೆಣ್ಣಿರಲಿ, 15 ಪೌಂಡ್ ಕೊಡಿ. 50 ದಾಟಿದವರಿಗೆ ವರ್ಷಕ್ಕೆ 10 ಪೌಂಡ್ ಕೊಡಿ ಎಂದ. ಇದು ಭಿಕ್ಷೆಯಲ್ಲ, ಅವರಿಗೆ ಸಲ್ಲಬೇಕಾದ ಪಾಲು ಎಂದೂ ಒತ್ತಿ ಹೇಳಿದ. ಲೆಕ್ಕ ಸಮೇತ ಇಷ್ಟನ್ನು ಬರೆದವನಿಗೆ ಸ್ವಂತ ವಿಚಾರವಿರಲಿಲ್ಲವೇ? ನಮ್ಮ ಊರುಗಳಲ್ಲಿ ವೃದ್ಧಾಪ್ಯ ವೇತನಕ್ಕೆ ನಾಡಕಚೇರಿ ಮುಂದೆ ಕೈಕಟ್ಟಿ ನಿಲ್ಲುವ ಅಜ್ಜಿಗೆ ಈ ಪುಸ್ತಕದ ಸುದ್ದಿ ಮುಟ್ಟಿದ್ದರೆ ನಿಲ್ಲುವ ರೀತಿಯೇ ಬೇರೆಯಾಗುತ್ತಿತ್ತು.

ಪೇನ್ ಅಂತ್ಯಕ್ರಿಯೆಗೆ ಬಂದವರು ಬೆರಳೆಣಿಕೆಯ ಜನ. ಹತ್ತು ವರ್ಷದ ಬಳಿಕ ವಿಲಿಯಂ ಕಾಬೆಟ್, ಸ್ಮಾರಕ ಕಟ್ಟಿಸುತ್ತೇನೆಂದು ಅವನ ಮೂಳೆಗಳನ್ನು ಅಗೆದು ಇಂಗ್ಲೆಂಡಿಗೆ ಒಯ್ದ. ಸ್ಮಾರಕ ಏಳಲಿಲ್ಲ, ಮೂಳೆಗಳೂ ಕಳೆದುಹೋದವು. ಆದರೆ ಅವನ ಪುಸ್ತಕ ಪುಣೆಗೆ ತಲುಪಿತು. 1848ರಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದ ಜ್ಯೋತಿಬಾ ಫುಲೆಯವರು ಯೌವನದಲ್ಲೇ 'ರೈಟ್ಸ್ ಆಫ್ ಮ್ಯಾನ್' ಓದಿ ಪ್ರಭಾವಿತರಾಗಿದ್ದರು. ಒಬ್ಬ ಲೇಖಕನ ಬೆಲೆ ಕಟ್ಟುವಾಗ ಈ ಓದುಗರನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಅದು ಯಾವ ಲೆಕ್ಕ?

ನಾವು ಕೇಳುವುದು ಇಷ್ಟೆ. ಪೇನ್‌ಗೆ ಪ್ರತಿಮೆ ಬೇಡ. ಪಾಠದಲ್ಲಿ 1776ರ ಪಕ್ಕ 1797 ಕೂಡ ಇರಲಿ, ರಾಜನನ್ನು ಬೇಡವೆಂದವನು ಮುದುಕರ ಪಾಲನ್ನೂ ಕೇಳಿದ್ದ ಎಂದು ಮಕ್ಕಳಿಗೆ ತಿಳಿಯಲಿ. ನಿಮ್ಮೂರಿನ ಮೇಷ್ಟ್ರಿಗೆ ಈ ಬರಹ ಕಳಿಸಿ. ಪಠ್ಯ ಬದಲಾಗುವವರೆಗೆ ಅವರಾದರೂ ಇನ್ನೆರಡು ಸಾಲು ಸೇರಿಸಿ ಹೇಳಲಿ.