ಪಿಕಳಾರದ ಗೂಡು

ಈ ತಿಂಗಳ ಲೇಖನಕ್ಕೆ ನಾನು ಬೇರೊಂದು ವಿಷಯವನ್ನು ಎತ್ತಿಕೊಂಡು ಅರ್ಧದಷ್ಟು ಬರೆದೂ ಇದ್ದೆನು. ಅಷ್ಟರಲ್ಲಿ ಬೇಸಗೆಯ ರಜೆಗೆಂದು ಮೈಸೂರಿನಿಂದ ನನ್ನ ಮಗಳ ಮಗಳು ಬಂದಳು. ಒಂಬತ್ತು ವರ್ಷದ ಹುಡುಗಿ. ಅವಳ ತಂದೆಯು ಹುಟ್ಟುಹಬ್ಬಕ್ಕೆಂದು ಅವಳಿಗೊಂದು ಸಣ್ಣ ಕ್ಯಾಮರಾವನ್ನು ಕೊಡಿಸಿದ್ದರು. ತುಳಸಿಕಟ್ಟೆ, ಬೆಕ್ಕು, ಅಡಿಗೆಯ ಮನೆಯಲ್ಲಿದ್ದ ಅವಳ ಅಜ್ಜಿ, ಊಟವಾದ ಮೇಲೆ ಕುರ್ಚಿಯಲ್ಲಿ ತೂಕಡಿಸುತ್ತಿದ್ದ ನಾನು, ಇವುಗಳಲ್ಲಿ ಒಂದೂ ಆ ಯಂತ್ರದ ಕಣ್ಣಿಗೆ ತಪ್ಪಲಿಲ್ಲ.

ಬಂದ ಮೂರನೆಯ ದಿನವೇ ಅವಳು ನಮ್ಮ ಕಾಂಪೌಂಡಿನ ದಾಸವಾಳದ ಪೊದೆಯಲ್ಲಿ ಒಂದು ಪಿಕಳಾರದ ಗೂಡನ್ನು ಕಂಡುಹಿಡಿದಳು. ಪಿಕಳಾರವನ್ನು ನಮ್ಮ ವಾಚಕರು ನೋಡಿಯೇ ಇರುವರು. ತಲೆಯ ಮೇಲೆ ಕಪ್ಪು ಜುಟ್ಟು, ಕೆನ್ನೆಯ ಮೇಲೆ ಕೆಂಪು ಬೊಟ್ಟು, ಬಾಲದ ಬುಡದಲ್ಲಿ ಇನ್ನಷ್ಟು ಕೆಂಪು. ಮನುಷ್ಯರ ಮನೆಗಳ ಬಳಿಯಲ್ಲಿಯೇ ಇರುವ ಹಕ್ಕಿ. ಗೂಡಿನಲ್ಲಿ ಮೂರು ಮೊಟ್ಟೆಗಳಿದ್ದುವು. ಚಿತ್ರವನ್ನು ತೆಗೆಯಲು ಎರಡು ರೆಂಬೆಗಳು ಅಡ್ಡ. “ತಾತ, ಆ ಎರಡು ಕಡ್ಡಿ ಕತ್ತರಿಸಿಕೊಡು” ಎಂದಳು. ಎರಡು ರೆಂಬೆ ತಾನೆ ಎಂದುಕೊಂಡು ನಾನು, “ನಾಡಿದ್ದು ಕತ್ತರಿಸೋಣ, ಮಗು” ಎಂದು ಮಾತು ಕೊಟ್ಟೆನು. ಈ ಮಾತನ್ನು ವಾಚಕರು ಜ್ಞಾಪಕದಲ್ಲಿಟ್ಟುಕೊಳ್ಳಬೇಕು.

ಮಾರನೆಯ ದಿನ ನಾವಿಬ್ಬರೂ ಕಸ್ತೂರಬಾ ರಸ್ತೆಯ ಒಂದು ವಸ್ತುಸಂಗ್ರಹಾಲಯದಲ್ಲಿ ಏರ್ಪಟ್ಟಿದ್ದ ವನ್ಯಜೀವಿಗಳ ಛಾಯಾಚಿತ್ರ ಪ್ರದರ್ಶನಕ್ಕೆ ಹೊರಟೆವು. ನಮ್ಮ ಸಾರಕ್ಕಿಯಿಂದ ಈಗ ಈ ಪ್ರಯಾಣವು ಸುಲಭ. ಜಯಪ್ರಕಾಶನಗರದ ನಿಲ್ದಾಣದಲ್ಲಿ ಮೆಟ್ರೋ ರೈಲನ್ನು ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಬದಲಾಯಿಸಿದರೆ, ಕಬ್ಬನ್ ಪಾರ್ಕಿನ ಬಳಿಯಲ್ಲಿ ಇಳಿಯಬಹುದು. ಆ ರಸ್ತೆಯೇ ಒಂದು ಪಾಠಶಾಲೆ. ಎಡ್ವರ್ಡ್ ಬಾಲ್ಫರ್ ಎಂಬ ವೈದ್ಯರ ಪ್ರಯತ್ನದಿಂದ 1865ರಲ್ಲಿ ಆರಂಭವಾದ ಸರ್ಕಾರಿ ವಸ್ತುಸಂಗ್ರಹಾಲಯ, ಅದರ ಪಕ್ಕದಲ್ಲಿ ವೆಂಕಟಪ್ಪನವರ ಹೆಸರಿನ ಚಿತ್ರಶಾಲೆ, 1962ರಲ್ಲಿ ತೆರೆದ ವಿಶ್ವೇಶ್ವರಯ್ಯನವರ ಹೆಸರಿನ ಯಂತ್ರಗಳ ಸಂಗ್ರಹಾಲಯ, 2023ರಲ್ಲಿ ಬಾಗಿಲು ತೆರೆದ ಕಲೆ ಮತ್ತು ಛಾಯಾಗ್ರಹಣದ ಸಂಗ್ರಹಾಲಯ, ಇವೆಲ್ಲವೂ ಒಂದೇ ಬೀದಿಯಲ್ಲಿವೆ.

ಸರ್ಕಾರಿ ವಸ್ತುಸಂಗ್ರಹಾಲಯದ ಕೆಂಪು ಕಟ್ಟಡವನ್ನು ಕಂಡಾಗಲೆಲ್ಲ ನನಗೆ ಆತಕೂರಿನ ಶಾಸನದ ನೆನಪಾಗುವುದು. ಮದ್ದೂರು ಸೀಮೆಯ ಆತಕೂರಿನಿಂದ ತಂದು ಇಲ್ಲಿ ಇರಿಸಿದ ಆ ಕಲ್ಲು ಸುಮಾರು 950ನೆಯ ಇಸವಿಯದು. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನೂ ಗಂಗರ ಬೂತುಗನೂ ಸೇರಿ ಚೋಳ ರಾಜಾದಿತ್ಯನನ್ನು ಗೆದ್ದರು. ಬೂತುಗನ ಕಡೆಯ ವೀರನಾದ ಮಣಲೇರನ ಪರಾಕ್ರಮಕ್ಕೆ ಮೆಚ್ಚಿದ ಕೃಷ್ಣನು, “ಬೇಕಾದುದನ್ನು ಕೇಳು” ಎಂದಾಗ, ಆತನು ಊರನ್ನು ಕೇಳಲಿಲ್ಲ, ಹೊನ್ನನ್ನು ಕೇಳಲಿಲ್ಲ. ‘ಕಾಳಿ’ ಎಂಬ ಬೇಟೆಯ ನಾಯಿಯನ್ನು ಕೇಳಿದನು. ಮುಂದೆ ಆ ಕಾಳಿಯು ಒಂದು ದೊಡ್ಡ ಕಾಡುಹಂದಿಯೊಡನೆ ಹೋರಾಡಿತು. ನಾಯಿಯೂ ಹಂದಿಯೂ ಎರಡೂ ಸತ್ತುವು. ಮಣಲೇರನು ನಾಯಿಯ ಸ್ಮರಣೆಗಾಗಿ ಕಲ್ಲನ್ನು ನೆಡಿಸಿ, ಅದರ ಪೂಜೆಗೆ ಭೂಮಿಯನ್ನು ಬಿಟ್ಟನು. ಕಲ್ಲಿನ ಮೇಲೆ ನಾಯಿ ಹಂದಿಗಳ ಕಾದಾಟವನ್ನು ಕೆತ್ತಿದೆ. ಮೊಮ್ಮಗಳು ಕಥೆಯನ್ನು ಕೇಳಿ, “ನಾಯಿಯ ಹೆಸರು ಕಾಳಿ. ಹಂದಿಯ ಹೆಸರು ಏನು?” ಎಂದಳು. ಮೂವತ್ತೈದು ವರ್ಷ ಪಾಠ ಹೇಳಿದ ನನಗೆ ಈ ಪ್ರಶ್ನೆಯು ಎಂದೂ ಹೊಳೆದಿರಲಿಲ್ಲ. ಹಂದಿಗೆ ಹೆಸರಿಲ್ಲ. ಬೇಟೆಯಾಡುವವನಿಗೆ ಹೆಸರುಂಟು, ಬೇಟೆಗೆ ಸಿಕ್ಕಿದ್ದಕ್ಕೆ ಹೆಸರಿಲ್ಲ. ಇದು ಹಿಂದಿನಿಂದ ಬಂದ ಕ್ರಮ.

ಪ್ರದರ್ಶನದ ಹಜಾರದಲ್ಲಿ ಜನರು ಹೆಚ್ಚಾಗಿರಲಿಲ್ಲ. ನೋಡಲು ಬಂದವರಿಗೆ ವಿವರಿಸಲೆಂದು ನಿಂತಿದ್ದ ಒಬ್ಬ ತರುಣನು ನನ್ನನ್ನು ಹೇಗೋ ಗುರುತು ಹಿಡಿದವನಂತೆ, “ಬನ್ನಿ ಮೇಷ್ಟ್ರೆ” ಎಂದೇ ಕರೆದನು. ಈ ವೃತ್ತಿಯ ಗುರುತು ಮೋರೆಯ ಮೇಲೆ ಉಳಿಯುವುದೆಂದು ತೋರುತ್ತದೆ! ಅವನು ಹೇಳಿದ ಮಾತುಗಳೂ, ನಾನು ಓದಿ ತಿಳಿದವುಗಳೂ ಸೇರಿ ಈ ಕಲೆಯ ಚರಿತ್ರೆಯು ಹೀಗಿದೆ.

ಇಂಗ್ಲೆಂಡಿನ ಕಿಯರ್ಟನ್ ಸಹೋದರರು 1892ರಲ್ಲಿ ಮೊಟ್ಟೆಗಳಿದ್ದ ಹಕ್ಕಿಯ ಗೂಡೊಂದನ್ನು ಛಾಯಾಚಿತ್ರದಲ್ಲಿ ಹಿಡಿದರು. ಹಕ್ಕಿಗಳು ಹೆದರಬಾರದೆಂದು ಅವರು ಒಂದು ಎತ್ತಿನ ಚರ್ಮದಿಂದ ಪೊಳ್ಳು ಎತ್ತನ್ನು ಮಾಡಿಸಿ, ಅದರೊಳಗೆ ಕುಳಿತು ಚಿತ್ರ ತೆಗೆಯುತ್ತಿದ್ದರಂತೆ. ನಮ್ಮ ದೇಶದಲ್ಲಿ ಚಾಂಪಿಯನ್ ಎಂಬ ಅರಣ್ಯಾಧಿಕಾರಿಯು, ಹುಲಿಯು ನಡೆಯುವ ದಾರಿಯಲ್ಲಿ ತಂತಿಯನ್ನು ಕಟ್ಟಿ, ಅದನ್ನು ಹುಲಿಯು ಎಡವಿದೊಡನೆ ಬೆಳಕು ಹತ್ತಿ ಚಿತ್ರವು ತಾನಾಗಿ ಮೂಡುವಂತೆ ಮಾಡಿ, 1927ರಲ್ಲಿ ಆ ಚಿತ್ರಗಳ ಒಂದು ಪುಸ್ತಕವನ್ನೇ ಪ್ರಕಟಿಸಿದನು. ಕೋವಿಯನ್ನು ಹಿಡಿಯುವ ಕೈಯು ಕ್ಯಾಮರಾವನ್ನು ಹಿಡಿಯಲು ಕಲಿತದ್ದು ಆ ಕಾಲದಲ್ಲಿ. ನಮ್ಮ ಮೈಸೂರಿನಲ್ಲಿಯೇ ಸತ್ತ ಹುಲಿಗಳನ್ನು ಜೀವಂತವಿದ್ದಂತೆ ನಿಲ್ಲಿಸುವ ವಾನ್ ಇಂಗೆನ್ ಮನೆತನದ ಕಾರ್ಖಾನೆಯು ಸುಮಾರು ಒಂದು ಶತಮಾನ ನಡೆದು 1999ರಲ್ಲಿ ಮುಚ್ಚಿತು. ಅಷ್ಟರಲ್ಲಿ ನಮ್ಮ ನಾಡು ಛಾಯಾಚಿತ್ರಕಾರರ ನಾಡಾಗಿತ್ತು. ಬೆಂಗಳೂರಿನ ಟಿ. ಎನ್. ಎ. ಪೆರುಮಾಳರು (1932–2017), ಇ. ಹನುಮಂತರಾಯರು, ರಾಜ್ಯದ ಅರ್ಥಮಂತ್ರಿಗಳಾಗಿದ್ದ ಸಂಡೂರಿನ ಎಂ. ವೈ. ಘೋರ್ಪಡೆಯವರು, ಇವರ ಹೆಸರುಗಳನ್ನು ಪರದೇಶದವರೂ ಬಲ್ಲರು. ಕಾಡುನಾಯಿಗಳ ಹಿಂಡೊಂದನ್ನು ವರ್ಷಾನುಗಟ್ಟಲೆ ಹಿಂಬಾಲಿಸಿದ ಮೈಸೂರಿನ ಕೃಪಾಕರ ಮತ್ತು ಸೇನಾನಿಯವರ ಚಲನಚಿತ್ರಕ್ಕೆ 2010ರಲ್ಲಿ ‘ಗ್ರೀನ್ ಆಸ್ಕರ್’ ಎಂದು ಹೆಸರಾದ ಪ್ರಶಸ್ತಿಯು ದೊರೆಯಿತು.

ಒಂದು ದೊಡ್ಡ ಹುಲಿಯ ಚಿತ್ರದ ಮುಂದೆ ತರುಣನು ಮೊಮ್ಮಗಳಿಗೆ ಹೇಳಿದನು: “ನಮ್ಮ ಬೆರಳಿನ ಗುರುತು ಹೇಗೋ ಹುಲಿಯ ಪಟ್ಟೆಗಳೂ ಹಾಗೆಯೇ. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ.” ಈ ಗುರುತನ್ನು ಹಿಡಿದೇ ಡಾ. ಉಲ್ಲಾಸ ಕಾರಂತರು 1990ರ ದಶಕದ ಆರಂಭದಲ್ಲಿ ನಾಗರಹೊಳೆಯಲ್ಲಿ ಕ್ಯಾಮರಾಗಳ ಸಹಾಯದಿಂದ ಹುಲಿಗಳನ್ನು ಎಣಿಸುವ ಕ್ರಮವನ್ನು ನೆಲೆಗೊಳಿಸಿದರು. 2022ರ ಗಣತಿಯಲ್ಲಿ ಕರ್ನಾಟಕದ ಹುಲಿಗಳು 563 ಎಂದು ಅಂದಾಜಾಯಿತು. ಆಗ ನಾನು ಹುಡುಗಿಗೆ, “ನೋಡಿದೆಯಾ, ಹಂದಿಗೆ ಹೆಸರಿರಲಿಲ್ಲ, ಇಂದು ಪ್ರತಿಯೊಂದು ಹುಲಿಗೂ ಅದರದೇ ಗುರುತುಂಟು” ಎಂದೆನು. ಕ್ಯಾಮರಾದಿಂದ ಆದ ಉಪಕಾರವನ್ನು ಮರೆಯಬಾರದು.

ಮುಂದಿನ ಗೋಡೆಯ ಬಳಿಗೆ ಬಂದಾಗ ನನ್ನ ಕಾಲು ನಿಂತಿತು. ಅಲ್ಲಿದ್ದುದು ಹಳೆಯ ಕಾಲದ, ಕಪ್ಪು ಬಿಳುಪಿನ ಒಂದು ಚಿತ್ರ: ಗೂಡಿನ ಅಂಚಿನಲ್ಲಿ ಪಿಕಳಾರ, ಕೆಳಗೆ ಬಾಯಿ ತೆರೆದ ಎರಡು ಮರಿ. ಒಂದೊಂದು ಗರಿಯನ್ನೂ ಎಣಿಸಬಹುದಾಗಿತ್ತು. ಮೊಮ್ಮಗಳು ಬಹಳ ಹೊತ್ತು ನೋಡಿ, “ಎದುರಿಗೆ ಒಂದೂ ಎಲೆ ಇಲ್ಲವಲ್ಲ?” ಎಂದಳು. ತರುಣನು, “ಆಗೆಲ್ಲ ಗೂಡಿನ ಮುಂದಿನ ರೆಂಬೆಗಳನ್ನು ಕಟ್ಟಿಯೋ ಕಡಿದೋ ಚಿತ್ರ ತೆಗೆಯುವುದಿತ್ತು. ಎಲೆಗಳು ಹೋದರೆ ಬಿಸಿಲು ಬೀಳುತ್ತದೆ. ಕಾಗೆಗೂ ಗೂಡು ಕಾಣುತ್ತದೆ. ಅದಕ್ಕೇ ಈಗ ಅನೇಕ ಸ್ಪರ್ಧೆಗಳಲ್ಲಿ ಗೂಡಿನ ಚಿತ್ರಗಳನ್ನು ತೆಗೆದುಕೊಳ್ಳುವುದೇ ಇಲ್ಲ” ಎಂದನು. ಮೊಮ್ಮಗಳು ನನ್ನ ಮುಖವನ್ನು ನೋಡಿದಳು. ನಾನು ಚಿತ್ರವನ್ನು ನೋಡುತ್ತಿದ್ದೆನು.

ಇಲ್ಲಿ ನಾನು ಇದುವರೆಗೆ ಯಾರಿಗೂ ಹೇಳದ ಒಂದು ಸಂಗತಿಯನ್ನು ಹೇಳಬೇಕಾಗಿದೆ. ನಾನು ಉಪಾಧ್ಯಾಯನಾದ ಹೊಸತರಲ್ಲಿ ಒಂದು ಹಳ್ಳಿಯ ಶಾಲೆಯಲ್ಲಿದ್ದೆನು. ಪಠ್ಯದಲ್ಲಿ ಹಕ್ಕಿಗಳ ವಿಷಯವಾಗಿ ಒಂದು ಪಾಠವಿತ್ತು. ಪ್ರತ್ಯಕ್ಷವಾಗಿ ತೋರಿಸಿದರೆ ಮಕ್ಕಳಿಗೆ ಚೆನ್ನಾಗಿ ತಿಳಿಯುವುದೆಂಬ ಉತ್ಸಾಹದಿಂದ, ಶಾಲೆಯ ಬೇಲಿಯಲ್ಲಿದ್ದ ಪಿಕಳಾರದ ಗೂಡನ್ನು ಮೊಟ್ಟೆಗಳ ಸಮೇತ ತರಿಸಿ ಮೇಜಿನ ಮೇಲೆ ಇರಿಸಿದೆನು. ಪಾಠವು ಸೊಗಸಾಗಿ ನಡೆಯಿತು. ಸಂಜೆ ಗೂಡನ್ನು ಮತ್ತೆ ಬೇಲಿಯಲ್ಲಿ ಇಡಿಸಿದೆನು. ಹಕ್ಕಿಗಳೆರಡೂ ಎರಡು ದಿನ ಸುತ್ತಮುತ್ತ ಕೂಗಿಕೊಂಡು ಹಾರಾಡಿದುವು. ಗೂಡಿಗೆ ಮಾತ್ರ ಇಳಿಯಲಿಲ್ಲ. ಮೂರನೆಯ ದಿನ ಅವುಗಳ ಸುಳಿವಿಲ್ಲ. ಮೊಟ್ಟೆಗಳಿಗೆ ಇರುವೆ ಮುತ್ತಿದ್ದುವು. ಗೂಡನ್ನು ತಂದುಕೊಟ್ಟ ಹುಡುಗನು, “ಮರಿ ಯಾವಾಗ ಬರುತ್ತವೆ, ಸಾರ್?” ಎಂದು ಕೇಳಿದನು. “ಬರುತ್ತವೆ, ನೀನು ಪಾಠ ಓದಿಕೊ” ಎಂದೆನು. ಸತ್ಯವನ್ನೇ ನುಡಿಯಬೇಕೆಂದು ಬೋಧಿಸುವ ಬಾಯಿಂದ ಬಂದ ಮಾತು ಅದು. ಆ ಹುಡುಗನು ಮತ್ತೆ ಕೇಳಲಿಲ್ಲ. ಅವನು ಬೇಲಿಯನ್ನು ನೋಡಿಕೊಂಡು ಬಂದಿದ್ದನೆಂಬುದು ನನಗೆ ಗೊತ್ತಿತ್ತು.

ಸಂಸ್ಕೃತದಲ್ಲಿ ‘ಮೃಗ’ವೆಂಬ ಶಬ್ದವು ‘ಹುಡುಕು’ ಎಂಬರ್ಥದ ಧಾತುವಿನಿಂದ ಬಂದುದು. ಹುಡುಕಲ್ಪಡುವುದು ಮೃಗ, ಹುಡುಕಿಕೊಂಡು ಹೋಗುವುದು ಮೃಗಯೆ, ಎಂದರೆ ಬೇಟೆ. ಕಾಳಿದಾಸನ ಶಾಕುಂತಲದ ಆರಂಭದಲ್ಲಿ ದುಷ್ಯಂತನು ಅಟ್ಟಿಸಿಕೊಂಡು ಬರುವ ಜಿಂಕೆಯು ಕೊರಳನ್ನು ಹೊರಳಿಸಿ ರಥವನ್ನು ನೋಡುತ್ತ ಓಡುವ ವರ್ಣನೆಯನ್ನು ನಾನು ಎಷ್ಟೋ ಸಲ ವಿದ್ಯಾರ್ಥಿಗಳಿಗೆ ಸಂತೋಷದಿಂದ ವಿವರಿಸಿದ್ದೇನೆ. ಆ ಚಿತ್ರದ ಸೌಂದರ್ಯವೆಲ್ಲವೂ ಆ ಪ್ರಾಣಿಯ ಭಯದಿಂದ ಹುಟ್ಟಿದ್ದೆಂಬುದನ್ನು ಎಂದಾದರೂ ಹೇಳಿದ್ದೇನೆಯೆ? ಕವಿಯಂತೂ ಅದನ್ನು ಮರೆಯಲಿಲ್ಲ. ಬಾಣವು ಬಿಲ್ಲಿನಿಂದ ಹೊರಡುವ ಮೊದಲೇ ತಪಸ್ವಿಗಳನ್ನು ಅಡ್ಡ ಕರೆತಂದನು. ನಾನು ಶಬ್ದಾರ್ಥ, ಅಲಂಕಾರಗಳನ್ನು ಹೇಳಿ ಮುಂದಕ್ಕೆ ಹೋದೆನು.

ನಮ್ಮ ದೇಶದ 1972ರ ವನ್ಯಜೀವಿ ಸಂರಕ್ಷಣೆಯ ಕಾಯಿದೆಯು ‘ಬೇಟೆ’ ಎಂಬ ಮಾತಿಗೆ ಕೊಟ್ಟಿರುವ ಅರ್ಥವನ್ನೂ ವಾಚಕರು ತಿಳಿಯಬೇಕು. ಕೊಲ್ಲುವುದು, ಹಿಡಿಯುವುದು ಮಾತ್ರವೇ ಅಲ್ಲ, ಕಾಡುಹಕ್ಕಿಗಳ ಮೊಟ್ಟೆಗಳನ್ನೂ ಗೂಡುಗಳನ್ನೂ ಕದಲಿಸುವುದು ಸಹ ಅದರ ಪ್ರಕಾರ ಬೇಟೆಯೇ. ಅಮರಕೋಶವನ್ನು ಕಂಠಪಾಠ ಮಾಡಿದ ನಾನು ಈ ಅರ್ಥವನ್ನು ಕಾಯಿದೆಯಿಂದ ಕಲಿತೆನು. ಕೋವಿಯನ್ನು ಮುಟ್ಟದೆ, ಸಸ್ಯಾಹಾರಿಯಾಗಿ, ಕೈಯಲ್ಲಿ ಪುಸ್ತಕವನ್ನು ಹಿಡಿದುಕೊಂಡೇ ನಾನು ಬೇಟೆಯಾಡಿದ್ದೆನು.

ರೈಲಿನಲ್ಲಿ ಹಿಂದಿರುಗುವಾಗ ಈ ಕಥೆಯನ್ನು ಮೊಮ್ಮಗಳಿಗೆ ಹೇಳಿದೆನು. ಅವಳು ಸುಮ್ಮನೆ ಕೇಳಿ, “ಹಾಗಾದರೆ ಮರಿ ಬರಲೇ ಇಲ್ಲವಾ, ತಾತ?” ಎಂದಳು.

“ಇಲ್ಲ, ಮಗು.”

“ಆ ಹುಡುಗನಿಗೆ ಹೇಳಿದೆಯಾ?”

“ಇಲ್ಲ.”

ಜಯಪ್ರಕಾಶನಗರ ಬರುವವರೆಗೂ ಅವಳು ಮಾತನಾಡಲಿಲ್ಲ. ಇಳಿಯುವಾಗ, “ಕತ್ತರಿ ಬೇಡ” ಎಂದಷ್ಟೇ ಹೇಳಿದಳು.

ಆದರೂ ಮಗುವಿಗೆ ನಿರಾಶೆಯಾಗದೆ ಇರುವುದೆ? ಅದಕ್ಕೆ ಸಮಾಧಾನವೂ ಪ್ರದರ್ಶನದಲ್ಲಿಯೇ ದೊರೆತಿತ್ತು. ಲಂಡನ್ನಿನ ಪ್ರಕೃತಿಚರಿತ್ರೆಯ ವಸ್ತುಸಂಗ್ರಹಾಲಯದವರು ನಡೆಸುವ, 1965ರಿಂದ ಬಂದಿರುವ ವನ್ಯಜೀವಿ ಛಾಯಾಚಿತ್ರ ಸ್ಪರ್ಧೆಯಲ್ಲಿ 2021ರಲ್ಲಿ ಬಾಲಕರ ವಿಭಾಗದ ಪರಮ ಪ್ರಶಸ್ತಿಯು ಬೆಂಗಳೂರಿನ ಹತ್ತು ವರ್ಷದ ಹುಡುಗನೊಬ್ಬನಿಗೆ ಬಂದಿತೆಂದು ಆ ತರುಣನು ಹೇಳಿದ್ದನು. ಹುಡುಗನು ತೆಗೆದುದು ಹುಲಿಯನ್ನಲ್ಲ. ಗೋಡೆಯ ಸಂದಿನಲ್ಲಿ ಗುಮ್ಮಟದಂತೆ ಬಲೆ ನೆಯ್ದಿದ್ದ ಪುಟ್ಟ ಜೇಡವನ್ನು. ಹಿಂದುಗಡೆ ಹಾದುಹೋದ ಆಟೋರಿಕ್ಷಾದ ಬಣ್ಣಗಳೇ ಚಿತ್ರದ ಹಿನ್ನೆಲೆಯಾದುವು. 2023ರಲ್ಲಿ ಹತ್ತು ವರ್ಷದೊಳಗಿನವರ ಬಹುಮಾನವೂ ಬೆಂಗಳೂರಿನ ಬಾಲಕನಿಗೇ ಸಂದಿತು: ದೇವನಹಳ್ಳಿ ಸೀಮೆಯ ನಲ್ಲೂರಿನ ಹಳೆಯ ಹುಣಿಸೆಯ ತೋಪಿನ ಬಳಿ, ಗೋಡೆಯ ಮೇಲೆ ಬರೆದ ಕೊಳಲೂದುವ ಕೃಷ್ಣನ ಹತ್ತಿರ ಕುಳಿತಿದ್ದ ಜೇಡದ ಚಿತ್ರ. ಎರಡಕ್ಕೂ ಬೇಕಾದುದು ಕಾಡಲ್ಲ, ಕಣ್ಣು.

ಮುಂದಿನ ದಿನಗಳಲ್ಲಿ ನಾವು ಬೆಳಗಿನ ಹೊತ್ತು ಸಾರಕ್ಕಿಯ ಕೆರೆಗೆ ಹೋದೆವು. ಸುಮಾರು 82 ಎಕರೆಯ ಈ ಕೆರೆಯ ಒತ್ತುವರಿಯನ್ನು 2015ರ ಏಪ್ರಿಲ್ ತಿಂಗಳಲ್ಲಿ ತೆರವು ಮಾಡಿದಾಗ ಊರೆಲ್ಲ ಅದೇ ಮಾತಾಗಿತ್ತು. ಅಲ್ಲಿ ನೀರುಕಾಗೆಯು ರೆಕ್ಕೆ ಹರಡಿ ಒಣಗಿಸಿಕೊಳ್ಳುವುದನ್ನೂ ಬೆಳ್ಳಕ್ಕಿಯು ಒಂಟಿ ಕಾಲಿನಲ್ಲಿ ಕಾಯುವುದನ್ನೂ ಹುಡುಗಿ ದೂರದಿಂದಲೇ ಹಿಡಿದಳು. ಮನೆಯ ಗೂಡಿನ ಚಿತ್ರವನ್ನು ಕೋಣೆಯ ಕಿಟಕಿಯ ಸರಳುಗಳ ನಡುವಿನಿಂದ ತೆಗೆದಳು. ಅದರಲ್ಲಿ ಕಾಣುವುದು ಎಲೆ, ಎಲೆ, ಮತ್ತೂ ಎಲೆ. ನಡುವೆ ಒಂದು ಕಪ್ಪು ಜುಟ್ಟು, ಒಂದು ಕೆಂಪು ಬೊಟ್ಟು. ಬಹುಮಾನಕ್ಕೆ ಬರುವ ಚಿತ್ರವಲ್ಲ.

ಪಿಕಳಾರದ ಮೊಟ್ಟೆಗೆ ಸುಮಾರು 12 ದಿನ ಕಾವು ಬೇಕು; ಮರಿಯು ಗೂಡನ್ನು ಬಿಡಲು ಮತ್ತೆ ಅಷ್ಟೇ ದಿನಗಳು. ಮೊಮ್ಮಗಳು ಊರಿಗೆ ಹೊರಟ ದಿನ ಎಲೆಗಳ ಹಿಂದಿನಿಂದ ಸಣ್ಣ ದನಿ ಕೇಳುತ್ತಿತ್ತು. ಅದಾದ ವಾರದ ಮೇಲೆ ಒಂದು ಬೆಳಗ್ಗೆ ದನಿ ನಿಂತಿತು. ನನ್ನ ಎದೆ ಒಮ್ಮೆ ಜಗ್ಗೆಂದಿತು. ಹೊರಗೆ ಬಂದು ನೋಡಿದರೆ ನೆರೆಯವರ ಕಾಂಪೌಂಡಿನ ಗೋಡೆಯ ಮೇಲೆ, ಇನ್ನೂ ಕೆನ್ನೆಗೆ ಕೆಂಪು ಬಾರದ ಎರಡು ಮರಿಗಳು ಮೈ ಉಬ್ಬಿಸಿಕೊಂಡು ಕುಳಿತಿದ್ದುವು. ತಾಯಿಯು ಹುಳುವನ್ನು ತಂದು ಕೊಡುತ್ತಿದ್ದಿತು. ಮೂರನೆಯದು ಎಲ್ಲಿಯೂ ಕಾಣಲಿಲ್ಲ. ಮೈಸೂರಿಗೆ ಟೆಲಿಫೋನು ಮಾಡಿ ಇದ್ದುದನ್ನು ಇದ್ದಂತೆಯೇ ಹೇಳಿದೆನು: ಎರಡು ಹಾರಿದುವು, ಒಂದು ಏನಾಯಿತೋ ಕಾಣೆ ಎಂದು. “ಸರಿ ತಾತ” ಎಂದಳು.

ಗೃಹಸ್ಥರಾದ ನಮ್ಮ ವಾಚಕರಲ್ಲಿ ನನ್ನ ವಿಜ್ಞಾಪನೆಯು ಇಷ್ಟೆ. ಈಗ ಪ್ರತಿಯೊಂದು ಮನೆಯಲ್ಲಿಯೂ, ಪ್ರತಿಯೊಬ್ಬರ ಜೇಬಿನಲ್ಲಿಯೂ ಒಂದು ಕ್ಯಾಮರಾ ಇದೆ. ಮಕ್ಕಳು ಹಕ್ಕಿಯ ಚಿತ್ರವನ್ನು ತೆಗೆಯಲಿ, ಬೇಡವೆನ್ನಬೇಡಿ. ಆದರೆ ಗೂಡಿನ ಹತ್ತಿರಕ್ಕೆ ಹೋಗಗೊಡಬೇಡಿ, ಎಲೆಯನ್ನು ಸರಿಸಗೊಡಬೇಡಿ. ಹಕ್ಕಿಯು ಮಾಡುತ್ತಿದ್ದ ಕೆಲಸವನ್ನು ನಿಲ್ಲಿಸಿ ನಿಮ್ಮನ್ನೇ ನೋಡತೊಡಗಿದರೆ ಎರಡು ಹೆಜ್ಜೆ ಹಿಂದಕ್ಕೆ ಬರಬೇಕೆಂದು ಕಲಿಸಿರಿ. ಮತ್ತು ಮಕ್ಕಳು ಪ್ರಶ್ನೆ ಕೇಳಿದಾಗ ನಿಜವಾದ ಉತ್ತರವನ್ನು ಕೊಡಿರಿ. ಆ ಬೇಲಿಯ ಹುಡುಗನಿಗೆ ಈಗ ನಲವತ್ತು ದಾಟಿರಬೇಕು. ಈ ಪತ್ರಿಕೆಯು ಅವನ ಮನೆಗೂ ಬರುತ್ತಿದ್ದರೆ, ಅವನು ಇದನ್ನು ಓದಲಿ: ಮರಿಗಳು ಬರಲಿಲ್ಲ, ಅಪ್ಪಾ, ತಪ್ಪು ನಿನ್ನದಲ್ಲ, ನನ್ನದು.